ಗಿರಣಿ ಕಾಕು ಇಳಿಸಿದ ವಿಮಾನ

ಜೋಳದ ಹಿಟ್ಟು ಗಿರಣಿಯಿಂದ ಬೀಳುವಾಗ ಬಿಸಿಯಾಗಿರುತ್ತದೆ. ಆ ಬಿಸಿಗೊಂದು ವಾಸನೆಯಿದೆ, ಅರ್ಧ ರೊಟ್ಟಿಯದು, ಅರ್ಧ ಕಾದ ಕಲ್ಲಿನದು. ಕಳೆದ ತಿಂಗಳು ಬೈಲಹೊಂಗಲದ ಕಾಲೇಜೊಂದರ ಸಭಾಂಗಣದಲ್ಲಿ ಕುಳಿತಿದ್ದಾಗ ಅದು ಕಿಟಕಿಯಿಂದ ಒಳಗೆ ಬಂತು. ಗೋಡೆಯಾಚೆ ಯಾರದೋ ಗಿರಣಿ. ವೇದಿಕೆಯ ಮೇಲೆ ಅತಿಥಿಯೊಬ್ಬರು, ವಿಮಾನಯಾನಕ್ಕೆ ಹೆಣ್ಣುಮಕ್ಕಳು ಹೆಚ್ಚು ಹೆಚ್ಚಾಗಿ ಬರಬೇಕು, ಆದರೆ ನಮ್ಮ ಭಾಗದ ಹುಡುಗಿಯರಿಗೆ ಧೈರ್ಯ ಕಡಿಮೆ, ಅವರಿಗೆ ಪ್ರೋತ್ಸಾಹ ಬೇಕು ಎನ್ನುತ್ತಿದ್ದರು. ಅವರ ನಂತರ ಮಾತಾಡಬೇಕಾದವಳು ನಾನು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳ ಪುಣ್ಯದಿಂದ ಇಂಥ ಕರೆ ಆಗಾಗ ಬರುತ್ತದೆ. ಅವರ ಮಾತನ್ನು ಖಂಡಿಸಲು ವಾದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಹಿಟ್ಟಿನ ವಾಸನೆ ಬಂದದ್ದೇ ಎಲ್ಲ ಚೆದುರಿಹೋದವು. ಗಿರಣಿ ಕಾಕು ನೆನಪಾದರು...

ಮೊದಲೇ ಹೇಳಿಬಿಡುತ್ತೇನೆ. ಅವರ ಬಳಿ ವಿಮಾನ ಹಾರಿಸಲು ಕಲಿತ ನಮ್ಮಲ್ಲಿ ಯಾರೂ ಪೈಲಟ್ ಆಗಲಿಲ್ಲ. ಇಂಥ ಬರಹಗಳ ಕೊನೆಗೆ ಒಬ್ಬಳು ಸಮವಸ್ತ್ರದಲ್ಲಿ ಬಂದು ಕಾಲಿಗೆ ಬೀಳುವುದುಂಟು. ಇಲ್ಲಿ ಯಾರೂ ಬೀಳುವುದಿಲ್ಲ.

ನಮ್ಮೂರು ನೇಸರಗಿ. ಓಣಿಯ ತುದಿಗೆ ಅವರ ಹಿಟ್ಟಿನ ಗಿರಣಿ, ಓಣಿಯ ಮಕ್ಕಳಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಗಂಡ ಹೊಲ ನೋಡಿಕೊಳ್ಳುತ್ತಿದ್ದರು, ಗಿರಣಿಯ ಕಾರಭಾರವೆಲ್ಲ ಕಾಕುವಿನದು. ಹುಬ್ಬು, ರೆಪ್ಪೆ, ಕಿವಿಯ ಹಿಂದಿನ ಕೂದಲು, ಎಲ್ಲದರ ಮೇಲೂ ಸದಾ ತೆಳುವಾಗಿ ಹಿಟ್ಟು. ಹಿಂದಿನ ಕೋಣೆಯಲ್ಲಿ, ಖಾಲಿ ಚೀಲಗಳ ನಡುವೆ, ಒಂದು ಹಳೆಯ ಕಂಪ್ಯೂಟರ್ ಇತ್ತು. ಅದು ಅವರ ತಮ್ಮನದು. ತಮ್ಮ ವಾಯುಪಡೆಯಲ್ಲಿ ಮೆಕ್ಯಾನಿಕ್, ವಿಮಾನ ರಿಪೇರಿ ಮಾಡುವವನೇ ಹೊರತು ಹಾರಿಸುವವನಲ್ಲ. ಹಾರಿಸುವ ಆಸೆಯನ್ನು ಕಂಪ್ಯೂಟರಿನಲ್ಲಿ ತೀರಿಸಿಕೊಳ್ಳುತ್ತಿದ್ದ. ಪರದೆಯ ಮೇಲೆ ವಿಮಾನದ ಮುಂಭಾಗ, ಅದರ ಎತ್ತರ ವೇಗ ತೋರಿಸುವ ಮುಳ್ಳುಗಳು. ಮೇಜಿನ ಮೇಲೆ ಹಿಡಿದು ವಾಲಿಸುವ ಕೋಲು. ದೂರದ ಊರಿಗೆ ವರ್ಗವಾದಾಗ ಅಕ್ಕನಿಗೆ ಎಲ್ಲ ಕಲಿಸಿ, ಇಲ್ಲೇ ಬಿಟ್ಟು ಹೋದ. ಅದನ್ನು ಆಟ ಎಂದರೆ ಕಾಕು ಸಿಟ್ಟಾಗುತ್ತಿದ್ದರು.

ಕರೆಂಟಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಿರಣಿಗೆ ತ್ರೀ ಫೇಜ್ ಬೇಕು. ಅದು ದಿನಕ್ಕೆ ಕೆಲವೇ ತಾಸು ಇರುತ್ತಿತ್ತು, ಅದೂ ಹೇಳದೆ ಕೇಳದೆ ಹೋಗಿ ಬರುತ್ತಿತ್ತು. ಹೋದಾಗಲೂ ಒಂದು ದೀಪ, ಒಂದು ಕಂಪ್ಯೂಟರ್ ನಡೆಯುವಷ್ಟು ಸಿಂಗಲ್ ಫೇಜ್ ಉಳಿಯುತ್ತಿತ್ತು. ಅಂದರೆ ಗಿರಣಿ ನಿಂತಾಗಲೇ ಕಾಕುವಿಗೆ ಕಂಪ್ಯೂಟರಿನ ಮುಂದೆ ಕೂರಲು ಬಿಡುವು ಸಿಗುತ್ತಿತ್ತು. ಗಿರಣಿ ನಿಂತಾಗ ಅಲ್ಲಿ ಕಾಯುತ್ತ ಕೂತವರು ಯಾರು? ಹೆಂಗಸರು, ಮತ್ತು ಹೆಂಗಸರು ಕಳಿಸಿದ ಹುಡುಗಿಯರು. ತಲೆಯ ಮೇಲೆ ಡಬ್ಬಿ ಇದ್ದ ಹುಡುಗಿಯನ್ನು ನಮ್ಮೂರಲ್ಲಿ ಯಾರೂ "ಎಲ್ಲಿಗೆ?" ಎಂದು ಕೇಳುತ್ತಿರಲಿಲ್ಲ. ಗಂಡುಹುಡುಗರು ಡಬ್ಬಿ ಹೊರುತ್ತಿರಲಿಲ್ಲವಾದ್ದರಿಂದ ಆ ಕೋಣೆಗೆ ಬರುತ್ತಲೂ ಇರಲಿಲ್ಲ. ನಾವು ಎರಡೆರಡು ಸೇರು ಜೋಳ ಹಿಡಿದು ದಿನಾ ಹೊರಡತೊಡಗಿದಾಗ ನಮ್ಮವ್ವ ಕೆಣಕಿದ್ದಳು: "ಗಿರಣ್ಯಾಗ ನಿನಗ ವರ ಗಿರ ನೋಡ್ಯಾರೇನ ಮತ್ತ?"

ಕಾಕು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಏರಿ ಪೂರ್ವಕ್ಕೆ ಬರುತ್ತಿದ್ದರು. ಪರದೆಯಲ್ಲಿ ನಮ್ಮ ಸೀಮೆ ಬರೀ ಹಸಿರು ಜಮಖಾನೆ, ಊರಿಲ್ಲ, ಗುಡಿಯಿಲ್ಲ. ಬಾಗಿಲಲ್ಲಿ ನಿಂತ ಹೆಂಗಸರು ತಮ್ಮ ಹೊಲ ತೋರಿಸು ಎಂದರೆ ಕಾಕು ಯಾವುದೋ ಹಸಿರಿನ ಮೇಲೆ ಬೆರಳಿಡುತ್ತಿದ್ದರು. ನನ್ನನ್ನು ಬಿಟ್ಟು ಎಲ್ಲರೂ ನಂಬುತ್ತಿದ್ದರು. ಸವದತ್ತಿಯ ಜಲಾಶಯವೊಂದೇ ನೀಲಿಯಾಗಿ ನಿಜವಾಗಿ ಕಾಣುತ್ತಿತ್ತು. ಅದರ ಮೇಲೆ ಒಂದು ಸುತ್ತು ಹಾಕಿ ಸಾಂಬ್ರಾಕ್ಕೆ ತಿರುಗುವುದು ಅವರ ದಾರಿ.

ತಿರುಗುತ್ತಿದ್ದರು, ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಗೋಡೆಯ ಬೋರ್ಡಿನ ಮೇಲೆ ಕೆಂಪು, ಹಳದಿ, ನೀಲಿ, ಮೂರೂ ದೀಪ ಹತ್ತುತ್ತಿದ್ದವು. ತ್ರೀ ಫೇಜ್ ಬಂತು. ಕಾಕು ಪಕ್ಕದಲ್ಲಿದ್ದ ಹುಡುಗಿಯ ಕೈಗೆ ಕೋಲು ಕೊಟ್ಟು "ಹಿಡಿ ಯವ್ವಾ, ಬರತೇನಿ" ಎಂದು ಎದ್ದು ಹೋಗುತ್ತಿದ್ದರು. ಮೋಟರ್ ಹತ್ತಿದ ಕೂಡಲೇ ಪರದೆ ಒಮ್ಮೆ ಬೆದರಿ ನೆಟ್ಟಗಾಗುತ್ತಿತ್ತು. ಕಾಕು ಮರಳಿ ಬರುತ್ತಿರಲಿಲ್ಲ. ಡಬ್ಬಿಗಳ ಸಾಲು ಮುಗಿಯುವುದರೊಳಗೆ ಸಂಜೆ. ಸಂಜೆಯಾದರೆ ಗಂಡ ಬಂದು ಕೀಲಿ ಹಾಕುತ್ತಿದ್ದರು, ಕಾಕುವನ್ನು ಒಲೆ ಕರೆಯುತ್ತಿತ್ತು.

ಹೀಗಾಗಿ ನಮಗೆ ವಿಮಾನ ಸಿಗುತ್ತಿದ್ದದ್ದೇ ಆಕಾಶದಲ್ಲಿ. ಏರಿಸುವುದು ಗೊತ್ತಿಲ್ಲದ ನಾವು ಇಳಿಸುವುದನ್ನು ಮೊದಲು ಕಲಿತೆವು. ಸಾಂಬ್ರಾದ ಸುತ್ತಲಿನ ಹೊಲಗಳಿಗೆ ಎಷ್ಟು ಸಲ ಬಡಿದೆವೋ... ಕಾಕು ಒಂದು ಸಲವೂ ಶಾಭಾಸ್ ಎನ್ನಲಿಲ್ಲ, ನೀನು ಮಾಡಬಲ್ಲೆ ಎನ್ನಲಿಲ್ಲ. ಕೋಲು ಕೊಟ್ಟು ಎದ್ದು ಹೋಗುತ್ತಿದ್ದರು, ಅಷ್ಟೇ.

ನಾನು ಆಗಲೂ ತಕರಾರಿನವಳು. ಆಟಕ್ಕೆ ನಿಲ್ಲಿಸುವ ಗುಂಡಿ ಇದೆಯಲ್ಲ, ಒತ್ತಿ ಹೋಗಿ, ಬಂದು ನೀವೇ ಇಳಿಸಿ ಎಂದು ವಾದಿಸಿದೆ. ಕಾಕು ನನ್ನನ್ನು ಹುಳಬಿದ್ದ ಜೋಳ ನೋಡುವಂತೆ ನೋಡಿದರು.

"ಆಕಾಶದಾಗ ಗಾಡಿ ನಿಲ್ಸಾಕ ಬರತೈತೇನ? ಯಾರರ ಹಿಡೀಬೇಕು."

ಇದು ನಿಜವಾದ ಆಕಾಶವಲ್ಲ, ಇದರಿಂದ ನಮಗೆ ಲೈಸೆನ್ಸ್ ಸಿಗುವುದಿಲ್ಲ, ನಾಳೆ ನಾವು ಪೈಲಟ್ ಆಗುವುದೂ ಇಲ್ಲ ಎಂದೆ. ಅದಕ್ಕೆ ಅವರು ನನ್ನ ಡಬ್ಬಿಯನ್ನು ಸಾಲಿನಲ್ಲಿ ಹಿಂದೆ ಸರಿಸಿದರು.

ಅವರಿಗೆ ಇಳಿಸುವ ಆಸೆ ಎಷ್ಟಿತ್ತೆಂಬುದು ತಿಳಿದದ್ದು ತಮ್ಮನ ಫೋನಿನಿಂದ. ಗಿರಣಿಯ ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿರುತ್ತಿದ್ದರು. ಪ್ರತಿ ಸಲ ಅವನದು ಒಂದೇ ಚೇಷ್ಟೆ: "ಅಕ್ಕಾ, ಇನ್ನೂ ಮ್ಯಾಲೇ ಅದೀಯೋ, ಇಳದೀಯೋ? ಹಾರಾಕ ಕಾಗಿಗೂ ಬರತೈತಿ. ಇಳಿಸಿದಾವ ಪೈಲಟ್." ಕಾಕು ನಗುತ್ತಿದ್ದರು. ಫೋನಿಟ್ಟ ಮೇಲೆ ಹಿಂದಿನ ಕೋಣೆಗೆ ಹೋಗಿ ಪರದೆಯ ಮೇಲಿನ ಹಿಟ್ಟು ಒರೆಸಿ ಬರುತ್ತಿದ್ದರು.

ಅದು ನಾಗರ ಪಂಚಮಿಯ ಹಿಂದಿನ ವಾರ. ಉಂಡಿಗೆ ಕಡಲೆಹಿಟ್ಟು, ರೊಟ್ಟಿಗೆ ಜೋಳ, ಗಿರಣಿಯ ಕಟ್ಟೆಯ ತುಂಬ ಡಬ್ಬಿಗಳು. ಬೆಳಿಗ್ಗೆ ಹೋದ ತ್ರೀ ಫೇಜ್ ಮಧ್ಯಾಹ್ನ ಕಳೆದರೂ ಬಂದಿರಲಿಲ್ಲ. ಕಾಕು ಜಲಾಶಯ ಸುತ್ತಿ, ತಿರುಗಿ, ಮೊದಲ ಬಾರಿಗೆ ಸಾಂಬ್ರಾದ ಓಡುದಾರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದರು. ಆಗಲೇ ಮೂರೂ ದೀಪ ಹತ್ತಿದವು. ಹೊರಗೆ ಹೆಂಗಸರೆಲ್ಲ ಒಮ್ಮೆಲೇ ಎದ್ದರು. ಕಾಕು ಕೋಲು ಕೊಡಲು ನನ್ನ ಕಡೆ ತಿರುಗಿದರು.

ನಾನು ತೆಗೆದುಕೊಳ್ಳಲಿಲ್ಲ. ಹೋಗಿ ನಡುಬಾಗಿಲಲ್ಲಿ ನಿಂತೆ.

ನನ್ನ ಮೊದಲ ದೊಡ್ಡ ಚರ್ಚೆ ಅದೇ, ಮತ್ತು ಹೀನಾಯವಾಗಿ ಸೋತೆ. ಸ್ವಲ್ಪ ತಡೆಯಿರಿ, ಕಾಕು ಇಷ್ಟು ದಿನ ನಿಮಗಾಗಿ ಎದ್ದಿದ್ದಾರೆ, ಇವತ್ತು ನೀವು ಅವರಿಗಾಗಿ ಕೂತುಕೊಳ್ಳಿ ಎಂದೆ. ಕರೆಂಟ್ ಮತ್ತೆ ಹೋದರೆ ನಿಮ್ಮಪ್ಪ ತಂದು ಕೊಡುತ್ತಾನೇನು ಎಂದಳು ಒಬ್ಬಳು. ಮನೆಗೆ ಹೆಣ್ಣು ನೋಡುವವರು ಬರುತ್ತಿದ್ದಾರೆ, ಅವರಿಗೆ ವಿಮಾನ ಬಡಿಸಲೇ ಎಂದಳು ಇನ್ನೊಬ್ಬಳು. ಅವರ ಮಾತಿನಲ್ಲಿ ನ್ಯಾಯವಿತ್ತು. ಅದು ನನಗೂ ಗೊತ್ತಿತ್ತು. ಹಿಂದೆ ಕುರ್ಚಿ ಸರಿದ ಸದ್ದು. ಕಾಕು ಏಳುತ್ತಿದ್ದರು.

ಆಗ ಸಾಲಿನ ಮೊದಲಲ್ಲಿದ್ದ, ಓಣಿಯವರೆಲ್ಲ ಆಯಿ ಎನ್ನುತ್ತಿದ್ದ ಮುದುಕಿ ತನ್ನ ಡಬ್ಬಿ ಎತ್ತಿ ತಂದು ಬಾಗಿಲಿಗೆ ಅಡ್ಡ ಇಟ್ಟಳು. ಅದರ ಮೇಲೆ ಕೂತು ಎಲೆ ಅಡಿಕೆಯ ಚೀಲ ಬಿಚ್ಚಿದಳು.

"ಪಾಳಿ ಮೊದಲ ನಂದ. ನನಗೇನ ಅವಸರಿಲ್ಲ."

ನಮ್ಮೂರ ಗಿರಣಿಯಲ್ಲಿ ಪಾಳಿ ದಾಟುವಂತಿಲ್ಲ. ಮೊದಲನೆಯವಳು ಬೀಸಿಸದೆ ಎರಡನೆಯವಳದು ಬೀಳುವಂತಿಲ್ಲ. ನನ್ನ ಅಷ್ಟೂ ವಾದ ಮಾಡದ್ದನ್ನು ಒಂದು ಡಬ್ಬಿ ಮಾಡಿತ್ತು.

ಒಳಗೆ ಕಾಕು ಮತ್ತೆ ಕೂತಿದ್ದರು. ಇಳಿಸುವುದು ಅವರಿಗೆ ಬರುತ್ತಿರಲಿಲ್ಲ, ನಮಗೆ ಬರುತ್ತಿತ್ತು. ನನ್ನ ಗೆಳತಿ ಅವರ ಕುರ್ಚಿ ಹಿಡಿದು ಬಗ್ಗಿ, ಹಸುಗೂಸಿಗೆ ನಡೆಯಲು ಕಲಿಸುವವಳಂತೆ ಹೇಳಿಕೊಡುತ್ತಿದ್ದಳು. "ಸಾವಕಾಶ ಕಾಕೂ... ಮೂಗ ಈಗ ಎತ್ತಬ್ಯಾಡ್ರಿ... ಈಗ ಎತ್ರಿ." ವಿಮಾನ ಎರಡು ಸಲ ಪುಟಿಯಿತು, ಓಡುದಾರಿ ಬಿಟ್ಟು ಹುಲ್ಲಿಗೆ ಹೋಯಿತು, ಓರೆಯಾಗಿ ನಿಂತಿತು. ಮುರಿಯಲಿಲ್ಲ. ಕಾಕು ಕೋಲು ಬಿಟ್ಟು ತಮ್ಮ ಅಂಗೈ ನೋಡಿಕೊಂಡರು. ಬೆವರಿಗೆ ಹಿಟ್ಟು ಕಣಕದಂತೆ ಮೆತ್ತಿತ್ತು. ಸೆರಗು ಬಿಗಿದು ಹೊರಬಂದರು.

"ಇಳೀತೇನ?" ಆಯಿ ಕೇಳಿದಳು.

"ಇಳೀತು ಆಯಿ. ಹುಲ್ಲಾಗ."

"ಹುಲ್ಲಾಗಾದ್ರ ಆತು. ಪಂಚಮಿ ಜೋಕಾಲಿಯಿಂದ ನಾ ಎಂದರ ನೆಟ್ಟಗ ಇಳದೇನೇನು?"

ಆಯಿಯ ಡಬ್ಬಿಯ ನಂತರ ಇನ್ನೊಂದೆರಡು ಡಬ್ಬಿಯ ಕಾಳು ಬೀಸಿದ್ದಾಯಿತು. ಕರೆಂಟ್ ಮತ್ತೆ ಹೋಯಿತು. ಆ ರಾತ್ರಿ ಓಣಿಯ ಎಷ್ಟೋ ಮನೆಗಳಲ್ಲಿ ರೊಟ್ಟಿಯಿಲ್ಲ, ಬರೀ ಅನ್ನ. ಬೈಗುಳವೆಲ್ಲ ನನ್ನ ಪಾಲಿಗೆ. ಹೆಣ್ಣು ನೋಡಲು ಬಂದವರಿಗೆ ಏನು ಬಡಿಸಿದರೋ...

ಆ ಮೇಲೆ ಒಂದೆರಡು ವರ್ಷದಲ್ಲಿ ಕಂಪ್ಯೂಟರಿನ ಹೊಟ್ಟೆಗೆ ಹಿಟ್ಟು ತುಂಬಿ ಅದು ನಿಂತುಹೋಯಿತು. ಮನೆಮನೆಗೆ ಸಣ್ಣ ಗಿರಣಿಗಳು ಬಂದವು. ಕಾಕುವಿನ ಕಟ್ಟೆಯ ಮೇಲೆ ಡಬ್ಬಿಗಳು ವಿರಳವಾದವು. ನಾನು ಧಾರವಾಡದಲ್ಲಿ ಓದುತ್ತಿದ್ದೆ. ಒಂದು ದಿನ ಅವ್ವ ಫೋನಿನಲ್ಲಿ ಮಳೆಯ ಸುದ್ದಿ, ಎಮ್ಮೆ ಈದ ಸುದ್ದಿ ಹೇಳಿ, ಆಮೇಲೆ, "ಗಿರಣಿ ಕಾಕು ಹೋದ್ಲು ನೋಡು, ಮೊನ್ನಿ" ಎಂದಳು. ನಾನು ಹಾಂ ಎಂದೆ. ಮರುದಿನ ಪರೀಕ್ಷೆಯಿತ್ತು. ಅಳಲು ಕೂಡ ಸರಿಯಾದ ಹೊತ್ತು ಸಿಗಲಿಲ್ಲ.

ಸಭಾಂಗಣದಲ್ಲಿ ನನ್ನ ಪಾಳಿ ಬಂದಾಗ ಒಂದೇ ಮಾತು ಹೇಳಿದೆ. ನಮ್ಮಲ್ಲಿ ಧೈರ್ಯಕ್ಕೆ ಎಂದೂ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಕುರ್ಚಿಗೆ. ಕೂತವರು ಏಳದೆ ಪ್ರೋತ್ಸಾಹಿಸಿದರೆ ಅದು ಬರೀ ಗಾಳಿ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಮೇಲೆ ನನಗೆ ನಂಬಿಕೆಯಿಲ್ಲ. ಹೊರಗೆ ಪಡಸಾಲೆಯಲ್ಲಿ ಮಕ್ಕಳಿಗೆ ತೋರಿಸಲೆಂದು ವಿಮಾನ ಹಾರಿಸುವ ಯಂತ್ರ ಇಟ್ಟಿದ್ದರು, ದೊಡ್ಡ ಪರದೆ, ಚಂದದ ಕುರ್ಚಿ. ಸುತ್ತ ಹುಡುಗರು, ಅವರ ಹಿಂದೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ಹುಡುಗಿಯರು. ಅತಿಥಿಯೆಂದು ನನ್ನನ್ನು ಕೂರಿಸಿದರು. ಏರಿಸಲು ಬರುವುದಿಲ್ಲ ಎಂದೆ. ನೋಡಿಕೊಳ್ಳುವ ಯುವಕ ನಗುತ್ತ ತಾನೇ ಏರಿಸಿ ಕೊಟ್ಟ. ಕೆಳಗೆ ಹಸಿರು, ಈಗಲೂ ನಮ್ಮೂರಿಲ್ಲದ ಹಸಿರು. ದೂರದಲ್ಲಿ ಓಡುದಾರಿ ಕಂಡಿತು. ನನ್ನ ಕೈಗೆ ಎಲ್ಲ ನೆನಪಿತ್ತು.

ಇಳಿಸಲಿಲ್ಲ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳ ಕೈಗೆ ಕೋಲು ಕೊಟ್ಟೆ. "ಹಿಡಿ ಯವ್ವಾ, ಬರತೇನಿ" ಎಂದು ಎದ್ದೆ. ಅವಳು ಗಾಬರಿಯಾಗಿ ಕೂತಳು.

ಹೊರಗೆ ಬಂದು ನಿಂತೆ. ಗೋಡೆಯಾಚೆ ಗಿರಣಿ ನಡೆದೇ ಇತ್ತು, ಗಾಳಿಯಲ್ಲಿ ಅದೇ ಬಿಸಿ ವಾಸನೆ. ಏಳಲು ಕಾಕುವಿಗೆ ಪ್ರತಿ ಸಲ ಒಂದು ಗಿರಣಿ ಇತ್ತು. ನನಗೆ ಹಚ್ಚಲು ಯಾವ ಗಿರಣಿಯೂ ಇರಲಿಲ್ಲ, ಆದರೂ ಮರಳಿ ಒಳಗೆ ಹೋಗಲಿಲ್ಲ.