ಹಿನ್ನೀರಿಗೆ ಹೋದ ಬಾಣಂತಿ

ನನ್ನ ತವರು ಬನಹಟ್ಟಿ. ಮನೆಯ ಅರ್ಧ ಭಾಗ ನಾವಿರುವುದಕ್ಕೆ, ಇನ್ನರ್ಧ ಮಗ್ಗಗಳಿಗೆ. ಬೆಳಗಿನಿಂದ ಸಂಜೆಯವರೆಗೆ ಪಾವರ್‌ಲೂಮಿನ ಸದ್ದು ನಿಲ್ಲುತ್ತಿರಲಿಲ್ಲ. ಆ ಸದ್ದಿನಲ್ಲಿ ಬೆಳೆದವರು ಮಾತನ್ನು ಕಿವಿಯಿಂದ ಕೇಳುವುದಕ್ಕಿಂತ ತುಟಿ ನೋಡಿ ತಿಳಿಯುವುದೇ ಹೆಚ್ಚು. ಮದುವೆಯಾಗಿ ಮುಧೋಳಕ್ಕೆ ಹೋದ ಹೊಸದರಲ್ಲಿ ಮಗ್ಗದ ಮನೆಯ ಗಟ್ಟಿ ದನಿಯಲ್ಲಿ ನಾನು ಸಹಜವಾಗಿ ಮಾತಾಡಿದರೂ ಜಗಳ ನಡೆದಿದೆಯೆಂದು ಪಕ್ಕದ ಮನೆಯವರು ಕಿಟಕಿ ತೆರೆಯುತ್ತಿದ್ದರು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣು ಕೂಸು ಹುಟ್ಟಿತು, ಎಲ್ಲರೂ ಪೇಢೆ ತಿಂದರು. ಮಗ್ಗದ ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ನನಗೆ ಮಲಗಲು ಹೊರಸು ಹಾಕಿದರು. ತಲೆಗೆ ಬಿಗಿಯಾಗಿ ಸ್ಕಾರ್ಫು, ಕಿವಿಗೆ ಹತ್ತಿ, ಕೋಣೆ ತುಂಬ ಲೋಬಾನದ ಹೊಗೆ. ನಮ್ಮ ಕಡೆಯ ಬೇಸಿಗೆ ಸಾಲದೆಂಬಂತೆ ಹೊರಸಿನ ಕೆಳಗೆ ಸಗಣಿ ಕುಳ್ಳಿನ ಕೆಂಡ ಬೇರೆ. ಗಾಳಿ ತಾಗಬಾರದು, ತಣ್ಣೀರು ಮುಟ್ಟಬಾರದು, ಬಹಳ ಮಾತಾಡಬಾರದು. ಬಾಣಂತಿಯ ಮೈಯನ್ನು ನಮ್ಮ ಹೆಂಗಸರು ಕಾಯುವಷ್ಟು ಅಚ್ಚುಕಟ್ಟಾಗಿ ಬ್ಯಾಂಕಿನವರು ತಿಜೋರಿ ಕಾಯುವುದಿಲ್ಲ. ಮನಸ್ಸಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ.

ನನಗೆ ಹಾಲು ಬಂತು, ಮಮತೆ ಬರಲಿಲ್ಲ. ಕೂಸನ್ನು ಎದೆಗೆ ಹಚ್ಚಿಕೊಂಡರೆ ಯಾರದೋ ಮನೆಯ ಕೂಸಿಗೆ ಉಪಕಾರ ಮಾಡುತ್ತಿರುವಂತೆ ಅನ್ನಿಸುತ್ತಿತ್ತು. ನೋಡಲು ಬಂದವರೆಲ್ಲ ಮೂಗು ನನ್ನದು, ಹಣೆ ಅವರಪ್ಪನದು ಎಂದು ಹಂಚಿ ಕೊಡುತ್ತಿದ್ದರು. ನಾನು ನಗುತ್ತಿದ್ದೆ. ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ. ಬಾಯಿಗೆ ಸೆರಗು ಒತ್ತಿಕೊಳ್ಳುವ ಅಗತ್ಯವೂ ಇರಲಿಲ್ಲ. ಮಗ್ಗಗಳು ನಡೆದಿರುವಾಗ ಬನಹಟ್ಟಿಯಲ್ಲಿ ಯಾರು ಎಷ್ಟು ಬೇಕಾದರೂ ಅಳಬಹುದು.

ಅತ್ತು ದಣಿದ ಮೇಲೆ ಕಣ್ಣು ಮುಚ್ಚಿದರೆ ಆಯಿಯ ಊರು ಬರುತ್ತಿತ್ತು. ಆಯಿ ಅಂದರೆ ಅವ್ವನ ತಾಯಿ. ಬೀಳಗಿಯ ಆಚೆ, ಕೃಷ್ಣೆಯ ದಂಡೆಯ ಮೇಲೆ ಅವಳ ಊರಿತ್ತು. ಅಣೆಕಟ್ಟಿನ ನೀರು ಹಿಂದಕ್ಕೆ ಏರಿ ಬಂದು ಆ ಊರು ಮುಳುಗಿದಾಗ ನಾನಿನ್ನೂ ಸಾಲಿಗೆ ಹೋಗದ ಪೋರಿ. ಆಯಿ ಈಗಿಲ್ಲ, ಅವಳ ಊರೂ ಇಲ್ಲ. ಆದರೆ ಲೋಬಾನದ ಹೊಗೆಯಲ್ಲಿ ಮಲಗಿದ ನನಗೆ ಎರಡೂ ಇದ್ದವು, ನೀರಿನ ಕೆಳಗೆ. ಊರ ಅಗಸಿ ಬಾಗಿಲು ದಾಟಿ ನಾನು ನಡೆಯುತ್ತಿದ್ದೆ. ಮೈ ಹಗುರ. ಬೇವಿನ ಗಿಡದ ಟೊಂಗೆಗಳಲ್ಲಿ ಮೀನುಗಳು ಆಡುತ್ತಿದ್ದವು. ಆಯಿ ಪಡಸಾಲೆಯಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು, ಸದ್ದೇ ಇರುತ್ತಿರಲಿಲ್ಲ. ಜೋಳದ ಹಿಟ್ಟು ನಿಧಾನಕ್ಕೆ ಮೇಲೆದ್ದು ಅವಳ ಬಿಳಿ ಕೂದಲಲ್ಲಿ ಕೂರುತ್ತಿತ್ತು. ಹಾಲು ಸಾಕಾಗುತ್ತದೆಯೇ, ಬೆಳ್ಳುಳ್ಳಿ ತಿಂದೆಯಾ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ಊರಿನಲ್ಲಿ ನನಗೆ ಕೂಸೇ ಇರಲಿಲ್ಲ. ಸಾಯಬೇಕು ಎಂದು ನಾನು ನನ್ನೊಳಗೂ ಹೇಳಿಕೊಂಡಿರಲಿಲ್ಲ. ಆ ಊರಿಗೆ ಹೋಗಿ ಇದ್ದುಬಿಡಬೇಕು, ಅಷ್ಟೇ ಅಂದುಕೊಂಡಿದ್ದೆ. ಎರಡೂ ಒಂದೇ ಎಂದು ಈಗ ತಿಳಿಯುತ್ತದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನನ್ನ ಅಳು ನಿಲ್ಲಲಿಲ್ಲ. ನಿಲ್ಲಿಸಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಅಪ್ಪ, ಮಗ್ಗದ ಮೇಲಿದ್ದ ಕೆಲಸದವರೂ ಇದ್ದರು. ಅವ್ವ ಗಾಬರಿಯಾಗಿ ಹೊಟ್ಟೆನೋವೋ, ಯಾರಾದರೂ ಏನಾದರೂ ಅಂದರೋ, ಏನು ಬೇಕು ಎಂದು ಕೇಳಿದಳು. ಆಯಿಯ ಊರ ನೀರಿಗೆ ಹೋಗಬೇಕು ಅಂದೆ.

ಅವ್ವನ ಮುಖ ಅರಳಿತು. ನಮ್ಮಲ್ಲಿ ಬಾಣಂತಿ ಹೊರಸು ಬಿಟ್ಟೆದ್ದ ಮೇಲೆ ನೀರಿನ ಹತ್ತಿರ ಹೋಗಿ ಗಂಗವ್ವನ ಪೂಜೆ ಮಾಡಿ, ಕೊಡ ತುಂಬಿಕೊಂಡು ಬರಬೇಕು. ಅಲ್ಲಿಗೆ ಬಾಣಂತನ ಮುಗಿದ ಲೆಕ್ಕ. ಈಗೀಗ ಎಲ್ಲರೂ ಅಂಗಳದ ನಳಕ್ಕೇ ಕುಂಕುಮ ಹಚ್ಚಿ ಮುಗಿಸುತ್ತಾರೆ. ಮಗಳು ಮಾತ್ರ ಆಯಿಯ ಊರಿನ ಗಂಗವ್ವನನ್ನು ನೆನೆದು ಅಳುತ್ತಿದ್ದಾಳೆ! ಇಂಥ ಭಕ್ತಿ ಈಗಿನ ಹುಡುಗಿಯರಲ್ಲಿ ಎಲ್ಲಿದೆ ಎಂದು ಅವ್ವ ಸಂಜೆಯೊಳಗೆ ಇಡೀ ಓಣಿಗೆ ಹೇಳಿಬಂದಳು. ನಾನು ಮುಳುಗಲು ಹೊರಟಿದ್ದೆ, ನನ್ನವರು ಅದಕ್ಕೆ ಕ್ರೂಸರ್ ಗಾಡಿ ಗೊತ್ತು ಮಾಡಿ, ಕಡುಬು ಕಟ್ಟಿಕೊಂಡು, ಬೀಗರಿಗೂ ಹೇಳಿಕಳಿಸಿದರು.

ಹಾಗಾಗಿ ಅತ್ತೆಯೂ ಬಂದರು, ಉಡಿ ತುಂಬುವ ಸಾಮಾನಿನ ಚೀಲ ಹಿಡಿದು. ಅತ್ತೆ ಮಾತು ಕಡಿಮೆಯ ಹೆಂಗಸು. ಅವರು ಏನಂದುಕೊಂಡಿದ್ದಾರೆ ಎಂದು ತಿಳಿಯದೆ ನಾನು ಅವರಿಗೆ ಹೆದರುತ್ತಿದ್ದೆ. ಗಾಡಿಯಲ್ಲಿ ಅವರ ಮಗ್ಗುಲಲ್ಲಿ ಕುಳಿತು ಕೂಸಿನ ಎಲ್ಲ ವಿವರ ಹೇಳಿದೆ. ಯಾವ ಮಗ್ಗುಲಿಗೆ ಹಾಕಿದರೆ ನಿದ್ದೆ ಮಾಡುತ್ತದೆ, ಬಜೆ ಎಷ್ಟು ತೇಯಬೇಕು, ಒಣಗಿದ ಬಟ್ಟೆ ಎಲ್ಲಿಟ್ಟಿದ್ದೇನೆ, ಅತ್ತರೆ ಹೇಗೆ ತೂಗಬೇಕು. ಎಷ್ಟು ಶಾಣ್ಯಾಕಿ ನೋಡಿರಿ ನನ್ನ ಮಗಳು ಎಂದು ಅವ್ವ ಹಿಗ್ಗಿದಳು. ಅತ್ತೆ ಕೂಸಿನ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

ಬೀಳಗಿ ದಾಟಿ ಕಚ್ಚಾ ರಸ್ತೆಗಿಳಿದೆವು. ಬೇಸಿಗೆಯಾದ್ದರಿಂದ ಹಿನ್ನೀರು ಬಹಳ ದೂರ ಸರಿದಿತ್ತು. ಬಿರಿದ ಕೆಸರಿನ ಆಚೆ ತೆಳ್ಳಗೆ, ಬೆಳ್ಳಗೆ ನೀರು. ನಡುವೆ ಒಂದೆರಡು ಗೋಡೆಗಳ ತಲೆ, ಮೇಲೆ ಬೆಳ್ಳಕ್ಕಿಗಳು. ಇದೇ ನಮ್ಮ ಊರು ಎಂದು ಅವ್ವ ಕೈ ಮುಗಿದಳು. ಗಂಗವ್ವನೆಂದು ದಂಡೆಯ ಸಣ್ಣ ಹರಳುಗಳನ್ನಿಟ್ಟು ಅರಿಶಿಣ ಕುಂಕುಮ ಏರಿಸಿ ಪೂಜೆ ಮಾಡಿದೆವು. ನನ್ನ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ ಭಾರವಾಗಿ ಹೊಟ್ಟೆಯ ಮೇಲೆ ಕುಳಿತವು. ಕೊಡ ಕೈಗೆ ಕೊಟ್ಟು, ತುಂಬಿಕೊಂಡು ಬಾ ಎಂದರು. ಕೂಸು ಅವ್ವನ ತೊಡೆಯ ಮೇಲೆ ಮಲಗಿತ್ತು.

ನಾನು ನೀರಿಗಿಳಿದೆ. ತಣ್ಣಗಿತ್ತು, ಎಷ್ಟೋ ದಿನದ ಮೇಲೆ ಮೈಗೆ ತಾಗಿದ ತಣ್ಣೀರು. ಎಷ್ಟು ನಡೆದರೂ ಮೊಳಕಾಲಿಗಿಂತ ಮೇಲೇರುತ್ತಿರಲಿಲ್ಲ. ಕಾಲ ಕೆಳಗೆ ಮೆತ್ತಗೆ ಆಯಿಯ ಊರು. ಬಿಸಿಲು ನೀರಿನ ಮೇಲೆ ಕುಣಿಯುತ್ತಿತ್ತು, ದಂಡೆಯ ಮಾತುಗಳು ದೂರವಾದವು. ಆ ಗೋಡೆ ದಾಟಿದರೆ ಆಳ ಇರುತ್ತದೆ ಅನ್ನಿಸಿತು. ನನಗೆ ಹೆದರಿಕೆ ಇರಲಿಲ್ಲ. ಅದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ.

ಹಿಂದೆ ನೀರಿನ ಸದ್ದಾಯಿತು. ತಿರುಗಿದರೆ ಅತ್ತೆ. ಸೀರೆಯ ನಿರಿಗೆ ಎತ್ತಿಕೊಳ್ಳದೆ, ನನ್ನನ್ನು ಕೂಗದೆ, ಮಂಡಿಮಟ್ಟ ನೀರಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದರು. ಹತ್ತಿರ ಬಂದು ನನ್ನ ಕೈ ಹಿಡಿದೆಳೆಯಲಿಲ್ಲ. ಕೊಡ ಇಸಿದುಕೊಂಡು, ಬಗ್ಗಿ ತುಂಬಿ, ಟೊಂಕಕ್ಕೆ ಇಟ್ಟುಕೊಂಡರು.

"ಕೂಸು ಬ್ಯಾಡ ಅನಸಾಕತ್ತೈತೇನು? ಖರೆ ಹೇಳು."

"ಹೌದ್ರಿ," ಅಂದೆ. "ಕೂಸೂ ಬ್ಯಾಡ, ನಾನೂ ಬ್ಯಾಡ ಅನಸ್ತೈತ್ರಿ."

ಅತ್ತೆ ಬೈಯಲಿಲ್ಲ. ಕೊಡವನ್ನು ಇನ್ನೊಂದು ಟೊಂಕಕ್ಕೆ ಬದಲಿಸಿಕೊಂಡರು.

"ನನಗೂ ಹಿಂಗ ಆಗಿತ್ತು, ಮೂರನೇ ಹೆರಿಗ್ಯಾಗ. ಕೂಸಿನ ಮಾರಿ ನೋಡಾಕ ಮನಸ ಬರತಿದ್ದಿಲ್ಲ. ಹೊಲದಾಗಿನ ಬಾವಿ ಕಟ್ಟಿ ಮ್ಯಾಲ ಹೋಗಿ ಕುಂತಿದ್ದೆ. ಆ ಕೂಸ ನಿನ್ನ ಗಂಡ. ಈಗ ಅವನ ಮ್ಯಾಲ ನನಗ ಜೀವ ಇಲ್ಲಂತ ಯಾರರ ಅಂದಾರು? ಇದು ಬರತೈತಿ, ಹೋಗತೈತಿ. ಹೋಗೂತನಕ ಒಬ್ಬಾಕಿ ಇರಬ್ಯಾಡ."

ನಾವಿಬ್ಬರೂ ನಿಧಾನಕ್ಕೆ ದಂಡೆಗೆ ನಡೆದೆವು. ಅತ್ತೆ ಅಲ್ಲಿಯೇ ಅವ್ವನಿಗೆ ಎಲ್ಲ ಹೇಳಿದರು, ಗಾಡಿಯನ್ನು ನೇರವಾಗಿ ಬಾಗಲಕೋಟೆಗೆ ಬಿಡಿಸಿರಿ, ಮನಸ್ಸಿನ ಡಾಕ್ಟರಿಗೆ ತೋರಿಸೋಣ ಎಂದರು. ಅವ್ವ ಬಾಯಿಗೆ ಸೆರಗು ಹಚ್ಚಿಕೊಂಡಳು. ಮಗಳಿಗೆ ಹುಚ್ಚು ಹಿಡಿಯಿತೆಂದು ಜನ ಆಡಿಕೊಳ್ಳುತ್ತಾರೆ, ಮೊದಲು ದೃಷ್ಟಿ ತೆಗೆಸೋಣ ಎಂದು ಅತ್ತಳು. ದೃಷ್ಟಿಯನ್ನೂ ತೆಗೆಸಿರಿ, ನಾನು ಬೇಡ ಅನ್ನುವುದಿಲ್ಲ, ಆದರೆ ಡಾಕ್ಟರ ಕಡೆ ಹೋಗಿ ಬಂದ ಮೇಲೆ ಎಂದರು ಅತ್ತೆ. ಗಾಡಿಯಲ್ಲಿ ಕೂಸು ಅತ್ತಾಗ ನನ್ನ ಕೈಗೆ ಹಾಕಲು ಬಂದ ಅವ್ವನನ್ನು ತಡೆದು ತಾವೇ ಎತ್ತಿಕೊಂಡರು. ಅವರ ಒದ್ದೆ ಸೀರೆಗೆ ಒರಗಿ ನಾನು ನಿದ್ದೆ ಹೋದೆ.

ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು. ಜ್ವರದಂತೆ ಇದೂ ಒಂದು ಕಾಯಿಲೆ, ಬಹಳ ಬಾಣಂತಿಯರಿಗೆ ಬರುತ್ತದೆ, ವಾಸಿಯಾಗುತ್ತದೆ ಎಂದರು. ಕೂಸಿಗೆ ತೊಂದರೆಯಾಗದ ಗುಳಿಗೆ ಕೊಟ್ಟು, ಚೆನ್ನಾಗಿ ನಿದ್ದೆ ಮಾಡಲು ಬಿಡಬೇಕು, ಒಬ್ಬಳನ್ನೇ ಬಿಡಬಾರದು ಎಂದು ಇಬ್ಬರು ತಾಯಂದಿರಿಗೂ ಹೇಳಿದರು. ಮಾತಾಡಲು ಆಗಾಗ ಬರಹೇಳಿದರು. ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಓಡಿಬಂದ ಗಂಡ ಏನು ಮಾಡಬೇಕೆಂದು ತಿಳಿಯದೆ ನನ್ನ ಕಾಲು ಒತ್ತುತ್ತ ಕುಳಿತಿದ್ದ. ಮಮತೆ ಒಂದು ದಿನ ಬಾಗಿಲು ತಟ್ಟಿ ಬರಲಿಲ್ಲ. ಮುಧೋಳಕ್ಕೆ ಮರಳಿದ ಮೇಲೆ ಮಳೆಗಾಲ ಕಳೆಯಿತು, ಕಬ್ಬಿನ ಗಾಡಿಗಳು ಶುರುವಾದವು. ಯಾವಾಗಲೋ ಒಮ್ಮೆ ಮಗಳು ಕೆಮ್ಮಿದಾಗ ನನ್ನ ಎದೆ ಹಾರಿತು. ಅರೆ, ಇವಳು ನನ್ನವಳು ಅನ್ನಿಸಿತು. ಅಂದು ಅತ್ತದ್ದು ಬೇರೆಯೇ ಅಳು.

ಆ ಚಳಿಗಾಲದಲ್ಲಿ ಒಂದು ದಿನ ಅತ್ತೆಯೂ ನಾನೂ ಬಿಸಿಲಿಗೆ ಕುಳಿತು ಕಡಲೆ ಸೊಪ್ಪು ಸೋಸುತ್ತಿದ್ದೆವು. ಮಗಳು ಅವರ ಬೆನ್ನು ಹಿಡಿದು ನಿಲ್ಲಲು ಕಲಿಯುತ್ತಿದ್ದಳು. ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತು ಬಾಯಿಗೆ ಬಂತು. ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದಿರಲ್ಲ, ಅಂದು ನಿಮ್ಮ ಹಿಂದೆ ಯಾರು ಬಂದರು ಎಂದು ಕೇಳಿದೆ. ಅತ್ತೆ ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ಯಾರೂ ಬರಲಿಲ್ಲ ಯವ್ವಾ. ಎಮ್ಮಿ ಹಾಲು ಹಿಂಡೂ ಹೊತ್ತಾಗಿತ್ತು, ಎದ್ದು ಬಂದೆ."