ಉಪದೇಶಿಗಳು ತಾವೇ ಬರೆದ ಠರಾವು

ಮೊನ್ನೆ ಶಿರಸಿಯ ಬೇಕರಿಯೊಂದರ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ, ಆಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನ ವಾಸನೆ ಬಂತು. ನಮ್ಮ ಕ್ರೈಸ್ತ ಸಭೆಯ ಉಪದೇಶಿಗಳು ನೆನಪಾದರು...

ಉಪದೇಶಿಗಳು ಸತ್ಯವೇದ ಓದಿ ಪ್ರಾರ್ಥನೆ ನಡೆಸಬಹುದಿತ್ತು. ಯೇಸುವಿನ ಕಡೆಯ ಊಟದ ನೆನಪಿಗೆ ಕೊಡುವ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವ ಹಾಗಿರಲಿಲ್ಲ. ಅದಕ್ಕೆ ಅಭಿಷೇಕವಾದ ಸಭಾಪಾಲಕರೇ, ಅಂದರೆ ಪಾದ್ರಿಗಳೇ, ಹುಬ್ಬಳ್ಳಿಯಿಂದ ಬರಬೇಕು. ಬಸ್ಸು ಕೆಟ್ಟರೆ ಕರ್ತನ ಭೋಜನವೂ ಮುಂದಿನ ತಿಂಗಳಿಗೆ.

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮೇಲೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಣ್ಣ ಸಭೆಗಳೆಲ್ಲ ಕೂಡಿ ಒಂದು ಮಂಡಳಿಯಾಗಬೇಕೆಂದು ಹಟ ಹಿಡಿದವರು ಉಪದೇಶಿಗಳೇ. ಒಂದು ಸಭೆಯವರು ಕೂಸಿಗೇ ದೀಕ್ಷಾಸ್ನಾನ ಮಾಡಿಸುವವರು, ಇನ್ನೊಂದರವರು ಬುದ್ಧಿ ಬಂದ ಮೇಲೆ ಹೊಳೆಯಲ್ಲಿ ಮುಳುಗಿಸುವವರು. ಎತ್ತು ಏರಿಗೆ, ಕೋಣ ನೀರಿಗೆ. ಉಪದೇಶಿಗಳು ವರ್ಷಗಟ್ಟಲೆ ಸೈಕಲ್ಲು ತುಳಿದು ಎಲ್ಲರನ್ನೂ ಒಂದು ಮೇಜಿಗೆ ತಂದರು.

ಮಂಡಳಿ ಕೂಡಲು ಹತ್ತು ದಿನವಿದ್ದಾಗ ನಮ್ಮಜ್ಜಿ ಸಾವಿನ ಹಾಸಿಗೆ ಹಿಡಿದಳು. ಕರ್ತನ ಭೋಜನ ಬೇಕೆಂದು ಒಂದೇ ಸಮನೆ ಕೇಳಿದಳು. ಸಭಾಪಾಲಕರ ಬಸ್ಸು ಬರಲಿಲ್ಲ. ನಾನು ಓಡಿಹೋಗಿ ಉಪದೇಶಿಗಳನ್ನು ಕರೆದೆ. ತಮಗೆ ಅಧಿಕಾರವಿಲ್ಲ ಎಂದು ಎರಡು ಸಲ ಹೇಳಿದರು. ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಬಂದು, ಬ್ರೆಡ್ಡು ಮುರಿದು ಅಜ್ಜಿಯ ಬಾಯಿಗಿಟ್ಟರು. ಬೆಳಿಗ್ಗೆ ಅಜ್ಜಿ ಹೋದಳು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಮನುಷ್ಯ ಸಭೆಯ ಮರಣದ ಪುಸ್ತಕದಲ್ಲಿ ತಾವೇ ಬರೆದಿಟ್ಟರು: ಕರ್ತನ ಭೋಜನ ಕೊಟ್ಟವನು ನಾನು. ಯಾರು ಕರೆದರೆಂದು ಬರೆಯಲಿಲ್ಲ.

ಮಂಡಳಿ ಕೂಡಿದ ದಿನ ಒಂದು ಸಭೆಯ ಹಿರಿಯರು ಆ ಬರಹವನ್ನೇ ಹಿಡಿದರು. ಅಭಿಷೇಕವಿಲ್ಲದವರು ಕೊಡುವ ಕಡೆ ತಾವು ಸೇರುವುದಿಲ್ಲ ಎಂದರು. ತಪ್ಪಾಯಿತು ಎಂದುಬಿಡಿ, ಮುಗಿಸೋಣ ಎಂದು ಉಳಿದವರು ಅಂಗಲಾಚಿದರು.

"ಸಾಯೂ ಮುದುಕಿ ಕೇಳಿದ್ಲು, ಕೊಟ್ಟೆ. ತಪ್ಪಾತು ಅನ್ನಾಕ ಬಾಯಿ ಬರವಲ್ದು," ಎಂದರು ಉಪದೇಶಿಗಳು. ಅವರು ಧಾರವಾಡದ ಕಡೆಯವರು.

ಹೆಂಗಸರ ಬೆಂಚಿನಲ್ಲಿ ನಾನಿದ್ದೆ. ಕರೆದವಳು ನಾನು ಎಂದು ಎದ್ದು ಹೇಳಬಹುದಿತ್ತು... ಹೇಳಲಿಲ್ಲ. ಅವರನ್ನು ಕೆಲಸದಿಂದ ಬಿಡಿಸಬೇಕೆಂದು ಕೈ ಎತ್ತಿದವರಲ್ಲಿ ಅಪ್ಪನೂ ಇದ್ದ. ಒಬ್ಬರಿಗಾಗಿ ಮೂರು ಊರಿನ ಸಭೆ ಒಡೆಯಬಾರದಲ್ಲ ಎಂದು ಆಮೇಲೆ ಮನೆಯಲ್ಲಿ ಹೇಳಿದ. ಅವನ ತಾಯಿಗೇ ಅವರು ಕೊಟ್ಟದ್ದು.

ನಡಾವಳಿ ಬರೆಯುವ ಕೆಲಸ ಉಪದೇಶಿಗಳದ್ದೇ ಆಗಿತ್ತು. ತಮ್ಮನ್ನು ಬಿಡಿಸಿದ ಠರಾವನ್ನು ಒಂದು ಚಿತ್ತು-ಕಾಟೂ ಇಲ್ಲದೆ ಬರೆದು, ಗಟ್ಟಿಯಾಗಿ ಓದಿ, "ಸರಿ ಅದ ಏನ್ರಿ?" ಎಂದು ಕೇಳಿದರು. ಸರಿ ಇದೆ ಎಂದರು ಎಲ್ಲರೂ.

ಆ ವಾರವೇ ಊರು ಬಿಟ್ಟರು. ಗದಗದ ಕಡೆ ಎಲ್ಲೋ ತೀರಿಕೊಂಡರಂತೆ. ಸುದ್ದಿ ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ.

ಮಂಡಳಿ ಇಂದಿಗೂ ಇದೆ, ಚೆನ್ನಾಗಿಯೇ ನಡೆದಿದೆ. ಹಳೆಯವಳೆಂದು ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಆಗಿನ ಕಾಲದ ಎರಡು ಮಾತು ಹೇಳಿ ಎನ್ನುತ್ತಾರೆ. ಕೆಟ್ಟ ಬಸ್ಸುಗಳ ಕಥೆ ಹೇಳುತ್ತೇನೆ, ಎಲ್ಲರೂ ನಗುತ್ತಾರೆ. ಇನ್ನೊಂದನ್ನು ಇದುವರೆಗೂ ಹೇಳಿಲ್ಲ.