ಬೊಳ್ಳನ ಮಾತಿಗೆ ನಾನು ಹಾಕಿದ ಟಿಕ್ಕು

ನನ್ನ ತಮ್ಮ ಬೊಳ್ಳ ಆಡಿದ ಮಾತನ್ನು ನಾನು ಬದಲಿಸಿದೆ. ತಿಳಿದೇ ಬದಲಿಸಿದೆ. ಅದರಿಂದ ಅವನ ಮನೆ ಆನೆಕಂದಕದ ಹೊರಗೆ, ಕಾಡಿನ ಪಾಲಿಗೆ ಉಳಿಯಿತು. ತಪ್ಪು ಮಿಷಿನಿನದು ಎಂದು ಎಲ್ಲರೂ ಹೇಳಿದರು. ಎರಡು ವರ್ಷ ನಾನೂ ಹಾಗೇ ಹೇಳಿಕೊಂಡು ಬಂದೆ.

ನಮ್ಮ ಹಾಡಿ ಬಾವಲಿಯ ಹತ್ತಿರ, ಕೇರಳದ ಗಡಿಯೊಳಗೆ. ನಾನು ಚೆಕ್‌ಪೋಸ್ಟಿನ ಆಚೆ, ಕನ್ನಡ ಶಾಲೆಯ ಹಾಸ್ಟೆಲಿನಲ್ಲಿದ್ದು ಏಳನೆಯವರೆಗೆ ಓದಿದವಳು. ಬೊಳ್ಳ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹಾಡಿಯಲ್ಲಿ ನಾವು ಆಡುವುದು ಕನ್ನಡವೇ, ಆದರೆ ಮಲೆಯಾಳವೂ ನಮ್ಮದೇ ಹಳೆಯ ಮಾತುಗಳೂ ಅದರಲ್ಲಿ ಕಲಸಿಹೋಗಿವೆ. ಹೊರಗಿನವರಿಗೆ ಅದು ಹತ್ತುವುದಿಲ್ಲ. ಮಿಷಿನಿಗಂತೂ ಇಲ್ಲವೇ ಇಲ್ಲ. ಅದಕ್ಕೇ ನನಗೆ ಆ ಕೆಲಸ ಸಿಕ್ಕಿತು.

ಕಂದಕ ಎಲ್ಲಿ ತೋಡಬೇಕೆಂದು ಹಾಡಿಯವರ ಅಭಿಪ್ರಾಯ ಕೇಳುವ ಕೆಲಸವನ್ನು ಕಲ್ಪೆಟ್ಟದ ಒಂದು ಸಂಸ್ಥೆ ವಹಿಸಿಕೊಂಡಿತ್ತು. ನಾನು ಫೋನಿನಲ್ಲಿ ಒಬ್ಬೊಬ್ಬರ ವಿಡಿಯೋ ತೆಗೆಯಬೇಕು. ಆಮೇಲೆ ಅವರು ಆಡಿದ್ದನ್ನೇ ಶಾಲೆಯ ಕನ್ನಡದಲ್ಲಿ ನನ್ನ ದನಿಯಲ್ಲಿ ಹೇಳಿ, ಎರಡನ್ನೂ ಸಂಸ್ಥೆಯವರ ಸಂದೇಶದ ಆ್ಯಪಿಗೆ ಹಾಕಬೇಕು. ನನ್ನ ದನಿಯನ್ನು ಕೇಳಿಸಿಕೊಂಡು ಅಡಿಬರಹದ ಸಾಫ್ಟ್‌ವೇರು ಕನ್ನಡದಲ್ಲಿ ಬರೆಯುತ್ತಿತ್ತು, ಅದನ್ನೇ ಮಲೆಯಾಳಕ್ಕೂ ತಿರುಗಿಸುತ್ತಿತ್ತು. ವಿಡಿಯೋದಲ್ಲಿ ದನಿ ಹಾಡಿಯವರದು, ಕೆಳಗೆ ಓಡುವ ಅಕ್ಷರ ನನ್ನ ಮಾತಿನದು.

ಮೊದಮೊದಲು ಇದನ್ನೆಲ್ಲ ಶೀಜಾ ಎಂಬ ಹೆಂಗಸು ಕೈಯಿಂದಲೇ ಮಾಡುತ್ತಿದ್ದಳು. ಬಸ್ಸು ಹತ್ತಿ ಬಂದು ನನ್ನ ಜಗುಲಿಯಲ್ಲಿ ಕೂತು, ಪ್ರತಿ ಸಾಲಿಗೂ ಮುಖ ನೋಡಿ ಕೇಳುತ್ತಿದ್ದಳು. "ಇದು ತನ್ನೆಯಲ್ಲೇ ಚೇಚೀ? ಇದೇ ಅಲ್ವಾ ಅಕ್ಕಾ ಅವರು ಹೇಳಿದ್ದು?" ಹಾಡಿಗಳು ಹೆಚ್ಚಾದ ಮೇಲೆ ಅವಳಿಗೆ ಸುತ್ತಲು ಆಗಲಿಲ್ಲ. ಆ್ಯಪಿಗೂ ಸಾಫ್ಟ್‌ವೇರಿಗೂ ತಾನೇ ಗಂಟು ಹಾಕಿದಳು. ನಾನು ಹಾಕಿದ್ದು ತಾನಾಗಿಯೇ ಅಡಿಬರಹಕ್ಕೆ ಹೋಗುವುದು, ಬರೆದದ್ದು ತಾನಾಗಿಯೇ ನನ್ನ ಫೋನಿಗೆ ಮರಳುವುದು. ನಾನು ನೋಡಿ ಒಂದು ಟಿಕ್ಕು ಒತ್ತಿದರೆ ಸಾಕು, ನೇರ ಅಧಿಕಾರಿಗಳು ನೋಡುವ ಚಾನೆಲಿಗೆ. ನಡುವೆ ಯಾರ ಕೈಯೂ ಇಲ್ಲ, ಕಣ್ಣೂ ಇಲ್ಲ.

"ಇನ್ನು ನೀವೇ ಆಫೀಸರು ಚೇಚೀ," ಎಂದು ನಕ್ಕಿದ್ದಳು ಶೀಜಾ.

ಶೀಜಾಳ ಮುಖ ನೋಡಿಕೊಂಡು ಸುಳ್ಳು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಟಿಕ್ಕು ಒತ್ತುವುದು — ಅದು ಆಯಿತು.

ಕಂದಕಕ್ಕೆ ಅರಣ್ಯದ ಅಧಿಕಾರಿಗಳು ಎರಡು ಗೆರೆ ಗುರುತು ಮಾಡಿದ್ದರು. ಮೇಲಿನ ಗೆರೆ ಬೊಳ್ಳನ ಮನೆಯ ಹಿಂದೆ ಹಾದು, ಹಳ್ಳದ ಹತ್ತಿರ ತಿರುಗಿ, ನನ್ನ ಕಾಳುಮೆಣಸಿನ ತೋಟವನ್ನು ಸೀಳಿಕೊಂಡು ಇಳಿಯುತ್ತಿತ್ತು. ಕೆಳಗಿನ ಗೆರೆ ನನ್ನ ಬೇಲಿಯ ಮೇಲ್ಗಡೆಯೇ ಹೋಗುತ್ತಿತ್ತು. ತೋಟ ಪೂರ್ತಿ ಉಳಿಯುತ್ತಿತ್ತು, ಬೊಳ್ಳನ ಮನೆಯೊಂದು ಹೊರಗಾಗುತ್ತಿತ್ತು. ಆ ತುದಿಯಲ್ಲಿ ಮನೆಯಿದ್ದದ್ದು ಅವನದೊಂದೇ. ಅವನ ಮಾತಿನ ಮೇಲೆಯೇ ತೀರ್ಮಾನ ಎಂದಿದ್ದರು.

ವಿಡಿಯೋ ತೆಗೆಯುವಾಗ ಬೊಳ್ಳ ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದು ನಿಂತ.

"ಅಕ್ಕಾ, ಮೋರೆ ನೆಟ್ಟಗೆ ಬೀಳ್ತದಾ? ಕೆಂಪಿ ನೋಡಿ ನಗೋ ಹಾಂಗೆ ಆಗ್ಬಾರ್ದು."

ಅವನ ಹೆಂಡತಿ ಕೆಂಪಿ ಬಾಗಿಲಿನಿಂದಲೇ, "ಆ ಮೋರೆ ನೋಡಿದ್ರೆ ಆನೇನೇ ವಾಪಸ್ ಹೋಗ್ತದೆ, ಕಂದಕ ಎಂತಕ್ಕೆ?" ಎಂದಳು.

ಆಮೇಲೆ ಅವನು ಫೋನನ್ನೇ ನೋಡಿ ಹೇಳಿದ: "ಸಾರೇ, ಮೇಲಿನ ಗೆರೇಲೇ ತೋಡಿ. ನಮ್ಮನೆ ಒಳಗೆ ಬರ್ಲಿ. ಇದು ನಾನೂ ಕೆಂಪೀನೂ ಮಣ್ಣು ತುಳಿದು ಕಟ್ಟಿದ್ದು. ಬಿಟ್ಟು ಬರೂಲ್ಲ. ಮತಿ, ಸಾಕು, ಅಷ್ಟೇ."

ನಾನು ತೋಟಕ್ಕೆ ಬಂದು, ಹೊಂಗಾರೆ ಮರಕ್ಕೆ ಒರಗಿ ಕೂತೆ. ಬಳ್ಳಿಗಳು ಆ ವರ್ಷ ಮೊದಲ ಸಲ ಕಾಯಿ ಕಚ್ಚಿದ್ದವು. ಫೋನನ್ನು ಬಾಯಿಯ ಹತ್ತಿರ ಹಿಡಿದು, ಟೀಚರು ಕಲಿಸಿದ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ: "ಸರ್, ಕೆಳಗಿನ ಗೆರೆಯಲ್ಲೇ ತೋಡಿ. ಈ ಮನೆ ಬಿಟ್ಟು ಕೆಳಗೆ ಬರಲು ನಾವು ಒಪ್ಪಿದ್ದೇವೆ."

ಅಡಿಬರಹ ಮರಳಿ ಬಂತು. ಒಂದಕ್ಷರ ತಪ್ಪಿರಲಿಲ್ಲ. ನಾನು ಹೇಳಿದ್ದನ್ನು ಹಾಗೆಯೇ ಬರೆದಿತ್ತು. ಹೆಬ್ಬೆರಳು ಸ್ವಲ್ಪ ಹೊತ್ತು ಮೇಲೆಯೇ ನಿಂತಿತ್ತು — ಒತ್ತಿದೆ.

ಬಾವಲಿಯಲ್ಲಿ ಸಭೆ ಆಯಿತು. ಓದು ಬಲ್ಲ ನಮ್ಮವರೆಲ್ಲ ಕೊಡಗಿಗೆ ಕೂಲಿಗೆ ಹೋಗಿದ್ದ ಕಾಲ. ಬಂದವರು ವಯಸ್ಸಾದವರು, ಬೊಳ್ಳ, ಕೆಂಪಿ, ನಾನು. ಶೀಜಾ ಆ ದಿನ ಬೇರೆ ಹಾಡಿಯಲ್ಲಿದ್ದಳು. ಪರದೆಯ ಮೇಲೆ ಬೊಳ್ಳನ ಮುಖ ಬಂತು. ಅವನ ದನಿ, "ಮೇಲಿನ ಗೆರೇಲೇ ತೋಡಿ" ಎಂದಿತು. ಕೆಳಗೆ ಮಲೆಯಾಳದಲ್ಲಿ ನನ್ನ ಸುಳ್ಳು ಓಡಿತು. ನಮ್ಮವರು ಕೇಳಿದರು, ಅಧಿಕಾರಿಗಳು ಓದಿದರು. ಎರಡೂ ಕಡೆಯವರು ತಲೆ ಆಡಿಸಿದರು. ಯಾರಾದರೂ ಒಬ್ಬರು ಇನ್ನೊಂದು ಪ್ರಶ್ನೆ ಕೇಳಿದ್ದರೆ...

ದೊಡ್ಡ ಅಧಿಕಾರಿ ಬೊಳ್ಳನ ಕಡೆ ತಿರುಗಿದರು. "ಇದು ತನ್ನೆಯಲ್ಲೇ ನೀ ಪರಞ್ಞತ್?" ಇದೇ ತಾನೇ ನೀನು ಹೇಳಿದ್ದು, ಎಂದು.

ಬೊಳ್ಳ ಎದ್ದು ನಿಂತ. ತನ್ನ ಮುಖ ಅಷ್ಟು ದೊಡ್ಡದಾಗಿ ಕಂಡ ಹೆಮ್ಮೆ ಅವನಿಗೆ. "ಅದೇ ಸಾರೇ. ನಾ ಹೇಳಿದ್ದು ಅದೇ."

ಹೆಬ್ಬೆಟ್ಟು ಒತ್ತಿದ. ಕೂತ ಮೇಲೆ ನನ್ನ ಮೊಣಕೈ ತಿವಿದು, "ಚೆಂದ ಮಾಡಿದೀಯಕ್ಕಾ," ಎಂದ. ಆಗಲಾದರೂ ನಾನು ಎದ್ದು ನಿಲ್ಲಬಹುದಿತ್ತು. ಬಾಗಿಲು ಮುಚ್ಚಿರಲಿಲ್ಲ, ಅಧಿಕಾರಿ ಇನ್ನೂ ಪೆನ್ನಿನ ಮುಚ್ಚಳ ಹಾಕಿರಲಿಲ್ಲ. ನಾನು ಏಳಲಿಲ್ಲ.

ಜೆಸಿಬಿ ಬಂದು ಅವನ ಅಂಗಳದ ಕೆಳಗಡೆ ಮಣ್ಣು ಕಚ್ಚಿದಾಗ ಬೊಳ್ಳ ಓಡಿಹೋಗಿ ಮುಂದೆ ನಿಂತ. "ಹಿಂಗಲ್ಲ, ಹಿಂಗಲ್ಲ ಸಾರೇ!" ಅವರು ಫೋನಿನಲ್ಲಿ ಅಡಿಬರಹ ತೋರಿಸಿದರು, ಹೆಬ್ಬೆಟ್ಟು ತೋರಿಸಿದರು. ಗುಂಪಿನಲ್ಲಿ ಯಾರೋ ಹೇಳಿದರು — "ಮಿಷಿನಿಗೆ ನಮ್ಮ ಮಾತು ಎಲ್ಲಿ ತಿಳೀತದೆ?" ಎಲ್ಲರೂ ನನ್ನ ಕಡೆ ನೋಡಿದರು. ನಾನು, "ಹೌದು, ಮಿಷಿನು," ಎಂದೆ. ಇಷ್ಟೇ ಮಾತು. ಅದನ್ನು ಹೇಳಲು ಎಷ್ಟು ಸಲೀಸಾಯಿತೆಂದರೆ, ಆ ಸಲೀಸಿಗೆ ಇವತ್ತಿಗೂ ಹೆದರುತ್ತೇನೆ.

ಶೀಜಾ ಬಂದು ನನ್ನ ಕೈ ಹಿಡಿದು ಅತ್ತಳು. ತಾನು ಹಾಕಿದ ಗಂಟಿನಲ್ಲೇ ದೋಷ ಎಂದುಕೊಂಡಿದ್ದಳು. ಸಂಸ್ಥೆ ಅವಳನ್ನು ಕೆಲಸದಿಂದ ತೆಗೆಯಿತು. ನನ್ನ ದನಿ ಆ ಆ್ಯಪಿನಲ್ಲೇ, ಬೊಳ್ಳನ ವಿಡಿಯೋದ ಕೆಳಗೇ ಬಿದ್ದಿತ್ತು. ಒತ್ತಿ ಕೇಳಿದ್ದರೆ ಸಾಕಿತ್ತು. ಅವಳು ಮಿಷಿನನ್ನು ಅನುಮಾನಿಸಿದಳು. ನನ್ನನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೇ ಇಲ್ಲ.

ಕಂದಕ ತೋಡಿದ ಎರಡನೆಯ ತಿಂಗಳಲ್ಲಿ ಬೊಳ್ಳನೂ ಕೆಂಪಿಯೂ ಸಂತೆಗೆ ಹೋಗಿ ಬರುವಷ್ಟರಲ್ಲಿ ಆನೆ ಮನೆಯ ಎರಡು ಗೋಡೆ ಕೆಡವಿತ್ತು. ಅವರು ನನ್ನ ಜಗುಲಿಗೆ ಬಂದರು. ಕೆಂಪಿ ಒಂದು ಮಳೆಗಾಲ ಸಹಿಸಿದಳು. "ಬೇರೆಯವರ ಜಗುಲಿ ಗುಡಿಸಿ ಸಾಯೂಲ್ಲ ನಾನು," ಎಂದು ಮುಳ್ಳನ್ಕೊಲ್ಲಿಯಲ್ಲಿರುವ ತನ್ನ ಅಕ್ಕನ ಮನೆಗೆ ಹೋದವಳು ಅಲ್ಲೇ ಮೆಣಸು ಕೊಯ್ಯುವ ಕೂಲಿ ಹಿಡಿದಳು. ಮತ್ತೆ ಬರಲಿಲ್ಲ. ಬೊಳ್ಳ ಇಲ್ಲೇ ಉಳಿದ. ನನ್ನ ಬಳ್ಳಿಗಳನ್ನು ಕಟ್ಟಿಕೊಡುತ್ತಾನೆ. ಅನ್ನ ಬಡಿಸುವಾಗ, "ನೀ ಒಬ್ಬಳು ಇದ್ದಿಯಲ್ಲಕ್ಕಾ," ಎನ್ನುತ್ತಾನೆ. ಆ ಮಾತು ಕೇಳಿ ತಟ್ಟೆ ಇಟ್ಟು ಒಳಗೆ ಬಂದ ದಿನಗಳೆಷ್ಟೋ.

ಕಂದಕದ ಗೆರೆ ತಪ್ಪಾಗಿದೆ ಎಂದು ಬೊಳ್ಳ ಆಗಲೇ ಕೊಟ್ಟಿದ್ದ ದೂರಿನ ಕೊನೆಯ ವಿಚಾರಣೆ ಈ ಶುಕ್ರವಾರ. ಮಿಷಿನಿನ ತಪ್ಪು ಎಂಬುದಕ್ಕೆ ಪುರಾವೆ ಇಲ್ಲ, ಹೆಬ್ಬೆಟ್ಟು ಇದೆ, ಆದ್ದರಿಂದ ಗೆರೆ ಬದಲಾಗದು ಎಂದು ಮುಂಚೆಯೇ ಹೇಳಿದ್ದಾರೆ. ಪುರಾವೆ ನನ್ನ ದನಿಯಲ್ಲಿದೆ.

ನಿನ್ನೆ ಮಧ್ಯಾಹ್ನ ಬೊಳ್ಳನನ್ನು ಊಟಕ್ಕೆ ಕೂರಿಸಿ ಮೊದಲು ಅವನ ಮಾತು ಹಾಕಿದೆ, ಆಮೇಲೆ ನನ್ನದು. ಅವನು ಕೇಳಿದ. "ಇನ್ನೊಂದ್ಸಲ ಹಾಕು," ಎಂದ. ಹಾಕಿದೆ. ಮೂರನೆಯ ಸಲ ಮುಗಿಯುವ ಮೊದಲೇ ಎದ್ದು ಕೈ ತೊಳೆದುಕೊಂಡ. ಬೈಯಲಿಲ್ಲ. ನಾನು ಬೈಗುಳಕ್ಕೆ ಕಾಯುತ್ತಿದ್ದೆ, ಅಷ್ಟೂ ಸಿಗಲಿಲ್ಲ.

"ಕೆಂಪಿಗೆ ಯಾರು ಹೇಳೋದು?" ಎಂದು ಕೇಳಿದ, ಅಷ್ಟೇ.

ನಾನೇ ಎಂದೆ.

ಎರಡು ದನಿಗಳನ್ನೂ, ಬದಲಿಸಿದವಳು ನಾನು ಎಂಬ ಮಾತನ್ನೂ ಅಧಿಕಾರಿಗಳ ಚಾನೆಲಿಗೆ ಹಾಕಿದ್ದೇನೆ. ಶೀಜಾಳಿಗೂ ಕಳಿಸಿದ್ದೇನೆ. ಅವಳು ನೋಡಿದ್ದಾಳೆ, ಉತ್ತರ ಬಂದಿಲ್ಲ. ಮೇಲಿನ ಗೆರೆ ನನ್ನ ತೋಟದಲ್ಲಿ ಎಲ್ಲಿ ಹಾಯುತ್ತದೋ ಅಲ್ಲಿನ ಬಳ್ಳಿಗಳನ್ನು ಇವತ್ತು ನಾನೇ ಬಿಡಿಸಿ ನೆಲಕ್ಕೆ ಇಳಿಸಿದೆ. ಬೊಳ್ಳ ಬೆಳಿಗ್ಗೆಯೇ ಕಂಬಳಿ ಸುತ್ತಿಕೊಂಡು ಕಂದಕ ದಾಟಿ, ಗೋಡೆ ಬಿದ್ದ ಆ ಮನೆಗೆ ಹೋದವನು ಊಟಕ್ಕೆ ಬರಲಿಲ್ಲ.

ನಾಳೆ ಮೊದಲ ಬಸ್ಸಿಗೆ ಮುಳ್ಳನ್ಕೊಲ್ಲಿಗೆ ಹೋಗುತ್ತೇನೆ. ಕೆಂಪಿ ಬಾಗಿಲು ತೆಗೆದರೆ ಹೊಸ್ತಿಲ ಹೊರಗೇ ನಿಂತು ಹೇಳುತ್ತೇನೆ. ತೆಗೆಯದಿದ್ದರೂ ಹೇಳುತ್ತೇನೆ.